ಕೊಡದ ತಳದಲ್ಲಿ ಪಾದರಸ: ಕುದಿಸಿದರೆ ಹೋಗುತ್ತಾ?

ಪ್ರಶ್ನೆ: ಮಗಳಿಗೆ ಜ್ವರ ಇತ್ತು. ಅಡುಗೆಮನೆಯಲ್ಲಿ ನಿಂತು ಹಳೇ ಗಾಜಿನ ಥರ್ಮಾಮೀಟರ್ ಕೊಡವುವಾಗ ಅದು ನೀರಿನ ಕೊಡದ ಅಂಚಿಗೆ ಬಡಿದು ಒಡೆಯಿತು. ಗಾಜಿನ ಚೂರು ಗುಡಿಸಿ ಎಸೆದೆ. ಮರುದಿನ ನೋಡಿದರೆ ಸ್ಟೀಲ್ ಕೊಡದ ತಳದಲ್ಲಿ ಬೆಳ್ಳಿ ಬಣ್ಣದ ಮಣಿಗಳು. ಅಷ್ಟರಲ್ಲಿ ನಾನೂ ಆರು ವರ್ಷದ ಮಗಳೂ ಎರಡೆರಡು ಲೋಟ ಅದೇ ನೀರು ಕುಡಿದಿದ್ದೆವು. ‘ಕುದಿಸಿದರೆ ಎಲ್ಲ ಸರಿಹೋಗುತ್ತೆ’ ಅಂತಾರೆ ನಮ್ಮತ್ತೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಗಾಬರಿ ಬೇಡ. ಕುಡಿದ ಆ ನೀರಿನಿಂದ ನಿಮಗಾಗಲಿ ಮಗುವಿಗಾಗಲಿ ಪಾದರಸದ ವಿಷವೇರುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಪಾದರಸ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಲೀಟರಿಗೆ ಹೆಚ್ಚೆಂದರೆ ಸುಮಾರು 60 ಮೈಕ್ರೋಗ್ರಾಂ. ಅಷ್ಟು ಕರಗುವುದಕ್ಕೂ ಒಂದು ರಾತ್ರಿ ಸಾಲದು. ಆದರೂ ಪೂರ್ತಿ ಕರಗಿತ್ತು ಅಂತಲೇ ಇಟ್ಟುಕೊಳ್ಳಿ. ಎರಡು ಲೋಟ ನೀರಿನಲ್ಲಿ 24 ಮೈಕ್ರೋಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ದೇಹದ ಒಂದೊಂದು ಕೆ.ಜಿ. ತೂಕಕ್ಕೆ 2 ಮೈಕ್ರೋಗ್ರಾಂವರೆಗೆ ತಡೆದುಕೊಳ್ಳಬಹುದು. 20 ಕೆ.ಜಿ. ತೂಕದ ಮಗುವಿಗೆ ಅದು 40. ಒಂದು ಮಣಿಯನ್ನೇ ನುಂಗಿದ್ದರೂ ಅದು ಹೆಚ್ಚುಕಡಿಮೆ ಹಾಗೇ ಹೊರಗೆ ಹೋಗುತ್ತದೆ. ನುಂಗಿದ ಪಾದರಸ ಕರುಳಿನಿಂದ ರಕ್ತಕ್ಕೆ ಸೇರುವುದು ನೂರಕ್ಕೆ 0.01 ಪಾಲಿಗಿಂತಲೂ ಕಡಿಮೆ. ನೀರಿನ ಜೊತೆ ಗಾಜಿನ ಚೂರು ಹೋಗಿರಬಹುದಾ ಅನ್ನುವುದೇ ನನಗೆ ಇದಕ್ಕಿಂತ ಜಾಸ್ತಿ ಚಿಂತೆ. ಹೊಟ್ಟೆನೋವು ಬಂದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರ ಹತ್ತಿರ ಹೋಗಿ.

ಹಾಗಂತ ಆ ನೀರನ್ನು ಇನ್ನು ಕುಡಿಯಬೇಡಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ಅಂದರೆ 1 ಮೈಕ್ರೋಗ್ರಾಂ. ದಿನವೂ ಕುಡಿಯುವ ನೀರಿಗೆ ಇಷ್ಟು ಬಿಗಿ ಇರಲೇಬೇಕು.

ನಿಮ್ಮತ್ತೆಯವರಿಗೆ ದಯವಿಟ್ಟು ಹೇಳಿ, ಕುದಿಸುವುದು ಮಾತ್ರ ಬೇಡವೇ ಬೇಡ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಸಾಯುವುದಿಲ್ಲ. ಬಿಸಿಯಾದ ಪಾದರಸ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಅಪಾಯ ಇರುವುದೇ ಅಲ್ಲಿ. ಹೊಟ್ಟೆಗೆ ಹೋದ ಪಾದರಸ ಹೊರಬಿದ್ದುಬಿಡುತ್ತದೆ. ಉಸಿರಿನಲ್ಲಿ ಹೋದ ಆವಿ ಹಾಗಲ್ಲ, ಅದರಲ್ಲಿ ನೂರಕ್ಕೆ 80ರಷ್ಟು ರಕ್ತ ಸೇರುತ್ತದೆ. ಅಲ್ಲಿಂದ ಮಿದುಳಿಗೂ ಹೋಗುತ್ತದೆ.

ಅದಕ್ಕೇ ಕೇಳುತ್ತೇನೆ: ಕೊಡದೊಳಗೆ ಬಿದ್ದದ್ದು ಸಿಕ್ಕಿತು, ಹೊರಗೆ ಸಿಡಿದದ್ದು ಎಲ್ಲಿ ಹೋಯಿತು? ಒಂದು ಥರ್ಮಾಮೀಟರಿನಲ್ಲಿ ಅರ್ಧದಿಂದ ಒಂದು ಗ್ರಾಂ ಪಾದರಸ ಇರುತ್ತದೆ. ಪೊರಕೆ ಆಡಿಸಿದರೆ ಅದು ಇನ್ನೂ ಸಣ್ಣ ಮಣಿಗಳಾಗಿ ಚದುರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ನಿಮ್ಮ ತಪ್ಪೇನಿಲ್ಲ. ಈಗ ಮಗುವನ್ನು ಬೇರೆ ಕೋಣೆಗೆ ಕಳಿಸಿ, ಒಳಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಉಂಗುರ, ಬಳೆ ತೆಗೆದಿಡಿ. ಚಿನ್ನಕ್ಕೆ ಪಾದರಸ ತಗುಲಿದರೆ ಬೆಳ್ಳಗಾಗಿಬಿಡುತ್ತದೆ. ಕೈಗವಸು ಹಾಕಿಕೊಳ್ಳಿ. ಸಂಜೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿದ ಹಾಗೆ ಅಡ್ಡಲಾಗಿ ಹಿಡಿಯಿರಿ. ಗ್ಯಾಸ್ ಕಟ್ಟೆಯ ಕೆಳಗೆ, ಟೈಲ್ಸ್ ಸಂದಿನಲ್ಲಿ, ಸಿಲಿಂಡರಿನ ಹಿಂದೆ ಸಾಸಿವೆಗಿಂತ ಸಣ್ಣ ಮಣಿಗಳು ಮಿನುಗುತ್ತವೆ. ದೊಡ್ಡವನ್ನು ಔಷಧಿ ಹಾಕುವ ಡ್ರಾಪರಿನಲ್ಲಿ ಎಳೆದುಕೊಳ್ಳಿ. ಸಣ್ಣವನ್ನು ಅಂಟುಪಟ್ಟಿಗೆ ಅಂಟಿಸಿ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬೇಡ. ಕೊಡದ ತಳದಲ್ಲಿರುವುದನ್ನೂ ಡ್ರಾಪರಿನಲ್ಲೇ ತೆಗೆದು, ಆಮೇಲೆ ನೀರನ್ನು ಬಾವಿ, ತರಕಾರಿ ಮಡಿಗಳಿಂದ ದೂರ ಚೆಲ್ಲಿ. ಸಿಂಕಿಗೆ ಬೇಡ, ಮಣಿ ಉಳಿದಿದ್ದರೆ ಪೈಪಿನ ಬಾಗಿನಲ್ಲಿ ಕೂತುಬಿಡುತ್ತದೆ. ಆ ಕೊಡವನ್ನು ಕುಡಿಯುವ ನೀರಿಗೆ ಮತ್ತೆ ಬಳಸಬೇಡಿ.

ಸಿಕ್ಕಿದ್ದನ್ನೆಲ್ಲ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ‘ಪಾದರಸ’ ಅಂತ ಬರೆದು, ಕಸದವರಿಗೆ ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮ ಒಡೆದ ಥರ್ಮಾಮೀಟರನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲೇ ಸೇರಿಸಿತ್ತು. ಮನೆಗೆ ಡಿಜಿಟಲ್ ಥರ್ಮಾಮೀಟರ್ ತಂದುಬಿಡಿ.

ಪ್ರಶ್ನೆ: ಹೊಸ ಮನೆಯ ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಹಿಡಿದರೆ 280 ಬರುತ್ತದೆ. ಅಂದರೆ ಪಾದರಸ ಇಲ್ಲ ಅಂತ ತಾನೇ?
– ಓದುಗರು, ದಾವಣಗೆರೆ

ಉತ್ತರ: ಆ ಮೀಟರಿಗೆ ಪಾದರಸ ಕಾಣುವುದೇ ಇಲ್ಲ. ಅದು ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಇದೆ ಅಂತ ಅಂದಾಜು ಹೇಳುತ್ತದೆ ಅಷ್ಟೇ. ಪಾದರಸದ ಮಿತಿ ಒಂದು ಮಿಲಿಗ್ರಾಂನ ಸಾವಿರದ ಒಂದು ಪಾಲು. ಮಿತಿಯ ಹತ್ತುಪಟ್ಟು ಇದ್ದರೂ 280 ಅನ್ನುವುದು 280 ಆಗಿಯೇ ಇರುತ್ತದೆ.

ಆದರೆ ಬೋರ್‌ವೆಲ್ ನೀರಿನಲ್ಲಿ ಪಾದರಸ ಸಾಮಾನ್ಯವಾಗಿ ಸಿಗುವುದಿಲ್ಲ. ಹತ್ತಿರದಲ್ಲಿ ಪಾದರಸ ಬಳಸುತ್ತಿದ್ದ ಹಳೇ ಕಾಸ್ಟಿಕ್ ಸೋಡಾ ಕಾರ್ಖಾನೆಯೋ, ಕಲ್ಲಿದ್ದಲ ಬೂದಿಯ ಹೊಂಡವೋ ಇದ್ದರೆ ಮಾತ್ರ ಅದನ್ನು ಹೆಸರು ಹೇಳಿ ಪರೀಕ್ಷೆ ಮಾಡಿಸಿ. ಸಾಧಾರಣ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ, ಅದಕ್ಕೆ ಆಮ್ಲ ಹಾಕಿ ಕೊಡುತ್ತಾರೆ. ಇಲ್ಲದಿದ್ದರೆ ನಿಮ್ಮ ದುಡ್ಡನ್ನು ಮೊದಲು ಫ್ಲೋರೈಡ್ ಮತ್ತು ನೈಟ್ರೇಟ್ ಪರೀಕ್ಷೆಗೆ ಹಾಕಿ. ಪಾವಗಡ, ಬಾಗೇಪಲ್ಲಿಯಂಥ ಕಡೆ ಜನರನ್ನು ಕಾಡಿರುವುದು ಫ್ಲೋರೈಡ್. ಆರ್‌ಒ ಬೇಕೋ ಬೇಡವೋ ಅನ್ನುವುದನ್ನು ಆ ಫಲಿತಾಂಶ ನೋಡಿ ತೀರ್ಮಾನಿಸಿ. ಬರೀ ಯುವಿ ದೀಪದ ಫಿಲ್ಟರ್ ಮಾತ್ರ ಯಾವ ಲೋಹವನ್ನೂ ತೆಗೆಯುವುದಿಲ್ಲ.

ಪಾದರಸ ಅಂದರೆ ಎಲ್ಲರಿಗೂ ಜಪಾನಿನ ಮಿನಮಾಟ ನೆನಪಾಗುತ್ತದೆ. 1956ರಲ್ಲಿ ಬೆಳಕಿಗೆ ಬಂದ ಆ ದುರಂತದಲ್ಲೂ ಜನ ವಿಷ ಕುಡಿದಿರಲಿಲ್ಲ, ತಿಂದಿದ್ದರು. ಕಾರ್ಖಾನೆ ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ (ಥರ್ಮಾಮೀಟರಿನದಲ್ಲ, ಪಾದರಸದ ಬೇರೊಂದು ಸಂಯುಕ್ತ) ಮೀನಿನ ಮೈಯಲ್ಲಿ ಸಾವಿರಾರು ಪಟ್ಟು ಸೇರಿಕೊಂಡಿತು. ಮೀನು ತಿಂದ ಬೆಕ್ಕುಗಳು ಮೊದಲು ಒದ್ದಾಡಿ ಸತ್ತವು. ಆಮೇಲೆ ಮನುಷ್ಯರು. ತಾಯಿ ಚೆನ್ನಾಗಿದ್ದರೂ ಹುಟ್ಟಿದ ಮಗುವಿನ ಮಿದುಳು ಹಾಳಾಗಿತ್ತು.

ಪ್ರಶ್ನೆ: ಪಾದರಸದ ಲಿಂಗಕ್ಕೆ ಅಭಿಷೇಕ ಮಾಡಿದ ನೀರನ್ನು ದಿನಾ ಮನೆಮಂದಿಯೆಲ್ಲ ತೀರ್ಥ ತಗೊಳ್ತೇವೆ. ಸೊಸೆಗೆ ಈಗ ಐದು ತಿಂಗಳು. ತೊಂದರೆ ಇದೆಯಾ?
– ಓದುಗರು, ಕಲಬುರಗಿ

ಉತ್ತರ: ಇವತ್ತೇ ನಿಲ್ಲಿಸಿ ಅಂತ ಕೈಮುಗಿದು ಕೇಳುತ್ತೇನೆ. ಈ ಲಿಂಗಗಳಲ್ಲಿ ಪಾದರಸವನ್ನು ತವರ, ಬೆಳ್ಳಿಯಂಥ ಲೋಹದ ಜೊತೆ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಗಟ್ಟಿಯಾದ ಮಾತ್ರಕ್ಕೆ ಅದು ನೀರಿಗೆ ಬಿಡುವುದಿಲ್ಲ ಅಂತಲ್ಲ. ಹಾಸನದ ಓದುಗರು ಕುಡಿದದ್ದು ಒಂದು ದಿನ, ನೀವು ಕುಡಿಯುತ್ತಿರುವುದು ದಿನಾ. ಮೈಗೆ ಸೇರಿದ ಪಾದರಸದಲ್ಲಿ ಅರ್ಧ ಹೊರಹೋಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟರಲ್ಲಿ ಹೊಸದು ಸೇರುತ್ತಲೇ ಇರುತ್ತದೆ.

ಹೀಗೆ ಸೇರಿದ್ದು ಮೊದಲು ಹೊಡೆಯುವುದು ಮೂತ್ರಪಿಂಡಕ್ಕೆ. ಕೇರಳದ ಕೋಟಕ್ಕಲ್‌ನಲ್ಲಿ ಪಾದರಸ ಬೆರೆತ ಫೇರ್‌ನೆಸ್ ಕ್ರೀಮ್ ಹಚ್ಚಿಕೊಂಡವರಿಗೆ ಆದದ್ದೂ ಇದೇ. ಮೂತ್ರದಲ್ಲಿ ನೊರೆ, ಕಾಲು ಊತ ಇದರ ಗುರುತು. ಮನೆಯ ಎಲ್ಲರಿಗೂ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಅದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಸೊಸೆಯನ್ನು ನೋಡುವ ಡಾಕ್ಟರಿಗೆ ವಿಷಯ ಮುಚ್ಚಿಡದೆ ತಿಳಿಸಿ, ಅವರನ್ನು ಕೇಳಿ ಮೂತ್ರದ ಪಾದರಸ ಪರೀಕ್ಷೆಯನ್ನೂ ಮಾಡಿಸಿ. ‘ವಿಷ ತೆಗೆಯುತ್ತೇವೆ’ ಅಂತ ಯಾರೋ ಕೊಡುವ ಔಷಧಿ ಗರ್ಭಿಣಿಗೆ ಕೊಡಬೇಡಿ.

ಪೂಜೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಲಿಂಗವನ್ನು ಗಾಜಿನ ಮುಚ್ಚಳದೊಳಗೆ, ದೀಪದ ಕಾವು ತಾಗದ ಹಾಗೆ ಇಟ್ಟು ಹೊರಗಿನಿಂದಲೇ ಹೂವು ಏರಿಸಿ. ಅಭಿಷೇಕವನ್ನು ಕಲ್ಲಿನ ಲಿಂಗಕ್ಕೆ ಮಾಡಿ, ಅದರ ತೀರ್ಥವನ್ನು ಸೊಸೆಗೂ ಕೊಡಿ.