ಸಾಲ್ಸಾ ರಾತ್ರಿಗೆ ಏನುಡಬೇಕು?

ಈ ಬಾರಿ ಕೊಡಗಿನಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯವನ್ನು, ಅಂದರೆ ಸಾಲ್ಸಾ ಎಂಬ ಜೋಡಿ ನೃತ್ಯಕ್ಕೆ ಏನು ತೊಡಬೇಕೆಂಬುದನ್ನು, ಕೇಳಿದ್ದವು. ಆದ್ದರಿಂದ ಅವುಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ವಿರಾಜಪೇಟೆ ಸಮೀಪದ ತೋಟದ ಮನೆಯ ಗೃಹಿಣಿ, ವಯಸ್ಸು 36. ಮೈಸೂರಿನಲ್ಲಿದ್ದಾಗ ಎಂಟು ತಿಂಗಳು ಸಾಲ್ಸಾ ತರಗತಿಗೆ ಹೋಗಿದ್ದೆ. ಡಿಸೆಂಬರ್ ಕೊನೆಯಲ್ಲಿ ಮಡಿಕೇರಿಯ ಹೋಂಸ್ಟೇ ಒಂದರ ಹಾಲ್‌ನಲ್ಲಿ ಹಳೆಯ ಗೆಳೆಯರೆಲ್ಲ ಸೇರಿ ಒಂದು ರಾತ್ರಿ ಸಾಲ್ಸಾ ನೃತ್ಯವನ್ನು ಇಟ್ಟುಕೊಂಡಿದ್ದಾರೆ. ತರಗತಿಗೆ ಟೀ ಶರ್ಟು, ಟ್ರ್ಯಾಕ್ ಪ್ಯಾಂಟಿನಲ್ಲೇ ಹೋಗುತ್ತಿದ್ದುದರಿಂದ ಉಡುಪಿನ ವಿಚಾರ ನನಗೆ ತಿಳಿಯದು. ನಮ್ಮ ಕೊಡವ ಸೀರೆಯನ್ನೇ ಉಟ್ಟು ಹೋಗಬೇಕೆಂಬ ಆಸೆ ನನ್ನದು. ಮಣಿ ಮತ್ತು ಕುಚ್ಚುಗಳಿರುವ ಕೆಂಪು ಉಡುಪನ್ನು ತರಿಸೋಣವೆಂದು ನಾದಿನಿ ಹೇಳುತ್ತಾಳೆ. ಯಾವುದು ಸರಿ?

ಉತ್ತರ: ಮೊದಲು ನಿಮ್ಮ ನಾದಿನಿಯ ಸಲಹೆಯನ್ನು ಮುಗಿಸಿಬಿಡೋಣ. ಅವರು ಕಂಡಿರುವುದು ವೇದಿಕೆಯ ಉಡುಪು. ಸ್ಪರ್ಧೆಯಲ್ಲಿ ಒಬ್ಬನೇ ಜೊತೆಗಾರನೊಂದಿಗೆ, ಮೊದಲೇ ಅಭ್ಯಾಸ ಮಾಡಿದ ಮೂರು ನಿಮಿಷಗಳ ಪ್ರದರ್ಶನಕ್ಕೆ, ದೂರದಲ್ಲಿ ಕುಳಿತವರ ಕಣ್ಣಿಗೆ ಹೊಳೆಯಲೆಂದು ಮಣಿ ಮತ್ತು ಕುಚ್ಚುಗಳನ್ನು ಹೊಲಿದಿರುತ್ತಾರೆ. ನೀವು ಹೋಗುತ್ತಿರುವುದು ಎಲ್ಲರೂ ಕುಣಿಯುವ ಕೂಟಕ್ಕೆ. ಅಲ್ಲಿ ಒಂದೆರಡು ಹಾಡಿಗೊಮ್ಮೆ ಜೊತೆಗಾರರು ಬದಲಾಗುತ್ತಾರೆ, ಆ ಮಣಿಗಳು ಒಬ್ಬರ ಅಂಗಿಯ ಗುಂಡಿಗೂ ಮತ್ತೊಬ್ಬರ ಕೈಗಡಿಯಾರಕ್ಕೂ ಸಿಕ್ಕಿಕೊಳ್ಳುತ್ತವೆ. ಸಾಲ್ಸಾ ಬೆಳೆದು ಬಂದದ್ದೂ ಇಂತಹ ಕೂಟಗಳಲ್ಲಿಯೇ. ಕ್ಯೂಬಾದ ಸೋನ್ ಮತ್ತು ಮಾಂಬೊ ಸಂಗೀತವನ್ನು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಪೋರ್ಟೊರಿಕೊ ಮತ್ತು ಕ್ಯೂಬಾ ಮೂಲದವರು ತಮ್ಮ ರೀತಿಯಲ್ಲಿ ನುಡಿಸಿ, 1960 ಮತ್ತು 70ರ ದಶಕಗಳಲ್ಲಿ ಅದಕ್ಕೆ ಈ ಹೆಸರು ನೆಲೆಗೊಳ್ಳುವಂತೆ ಮಾಡಿದರು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಆ ಊರಿನ ಪಲ್ಲಾಡಿಯಂ ಎಂಬ ನೃತ್ಯಶಾಲೆಯಲ್ಲಿ ಮಾಂಬೊ ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ದುಡಿದು ಉಣ್ಣುವ ಜನ. ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಯನ್ನು ತೊಟ್ಟು ಅವರು ಅಲ್ಲಿಗೆ ಬರುತ್ತಿದ್ದರು.

ಇನ್ನು ಸೀರೆಯ ಮಾತು. ನಮ್ಮ ಮದುವೆಗಳಲ್ಲಿ ಮಧ್ಯರಾತ್ರಿ ಮೀರುವವರೆಗೂ ವಾಲಗಕ್ಕೆ ಕುಣಿದು ಬೆವರಿಳಿಸಿದ ಸೀರೆ ಸಾಲ್ಸಾಕ್ಕೆ ಏಕೆ ಒಗ್ಗಬಾರದು ಎಂದು ನೀವು ಕೇಳಬಹುದು, ಪ್ರಶ್ನೆ ನ್ಯಾಯವಾದದ್ದೇ. ಆದರೆ ವಾಲಗಕ್ಕೆ ಕುಣಿಯುವಾಗ ನಮ್ಮ ಕೈ ನಮ್ಮದೇ ಆಗಿರುತ್ತದೆ, ಉಟ್ಟ ಬಟ್ಟೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಸಾಲ್ಸಾದಲ್ಲಿ ಮುನ್ನಡೆಸುವವರ ಬಲ ಅಂಗೈ ನಿಮ್ಮ ಎಡ ಹೆಗಲ ಮೂಳೆಯ ಮೇಲಿರುತ್ತದೆ, ಅವರ ಎಡಗೈ ನಿಮ್ಮ ಬಲಗೈಯನ್ನು ಹಿಡಿದಿರುತ್ತದೆ, ಮುಂದಿನ ಹೆಜ್ಜೆ ಯಾವುದೆಂಬುದು ಆ ಎರಡು ಸ್ಪರ್ಶಗಳಿಂದಲೇ ನಿಮಗೆ ತಿಳಿಯಬೇಕು. ಆದ್ದರಿಂದ ನೋಡುವವರ ಕಣ್ಣಿಗಿಂತ ಹಿಡಿಯುವವರ ಕೈಗೆ ಈ ಉಡುಪು ಹೊಂದಬೇಕು ಎಂಬುದು ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ಕೊಡವ ಸೀರೆಯನ್ನು ನೋಡಿ. ಕಾವೇರಿಯ ರಭಸಕ್ಕೆ ನೆರಿಗೆಗಳು ಹಿಂದಕ್ಕೆ ಸರಿದವೆಂಬ ಬಲಮುರಿಯ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ನೆರಿಗೆ ಹಿಂದಿರುವುದರಿಂದ ಮುಂದಕ್ಕೆ ಇಡುವ ಹೆಜ್ಜೆ ಸಲೀಸು. ಗುಡ್ಡ ಹತ್ತುವುದಕ್ಕೂ ತೋಟದ ಕೆಲಸಕ್ಕೂ ಅದು ಹೇಳಿ ಮಾಡಿಸಿದಂತಿದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಕಲಿಸುವ ಕ್ರಮದಲ್ಲಿ, ಅಂದರೆ ಒಂದನೆಯ ಎಣಿಕೆಗೇ ದಿಕ್ಕು ಬದಲಿಸುವ ಹೆಜ್ಜೆ ಇಡುವ ಕ್ರಮದಲ್ಲಿ, ಹಿಂಬಾಲಿಸುವವರ ಮೊದಲ ಹೆಜ್ಜೆಯೇ ಬಲಗಾಲಿನಿಂದ ಹಿಂದಕ್ಕೆ. ಹಿಮ್ಮಡಿ ನೇರವಾಗಿ ಆ ನೆರಿಗೆಗಳ ಮೇಲೆ ಬೀಳುತ್ತದೆ, ಪ್ರತಿ ಎಂಟು ಎಣಿಕೆಗೊಮ್ಮೆ ಅದೇ ಆಗುತ್ತದೆ. ಎರಡನೆಯ ತೊಡಕು ಬಲಭುಜದ್ದು. ಎಡತೋಳಿನ ಕೆಳಗಿನಿಂದ ತಂದ ಸೆರಗು ನಿಲ್ಲುವುದು ಬಲಭುಜದ ಮೇಲೆ ಹಾಕಿದ ಪಿನ್ನಿನಿಂದ. ನಿಮ್ಮನ್ನು ತಿರುಗಿಸಲು ಜೊತೆಗಾರರು ಎತ್ತುವುದೂ ಹೆಚ್ಚಾಗಿ ಬಲಗೈಯನ್ನೇ. ನಾಲ್ಕು ಸುತ್ತು ಮುಗಿಯುವುದರೊಳಗೆ ಒಂದೋ ಪಿನ್ನು ಬಿಚ್ಚಿಕೊಳ್ಳುತ್ತದೆ, ಇಲ್ಲವೇ ರೇಷ್ಮೆ ಹರಿಯುತ್ತದೆ. ಊಟದ ಹೊತ್ತಿನವರೆಗೆ ಸೀರೆಯಲ್ಲಿರಿ, ಎಲ್ಲರೂ ಮೆಚ್ಚಲಿ, ಕುಣಿಯುವ ಮೊದಲು ಬದಲಾಯಿಸಿಕೊಳ್ಳಿ. ಸೀರೆಯನ್ನು ಪೂರ್ತಿ ಬಿಡಲು ಮನಸ್ಸು ಒಪ್ಪದಿದ್ದರೆ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಕ್ರೇಪ್ ಅಥವಾ ಜಾರ್ಜೆಟ್ ಸೀರೆಯೊಂದನ್ನು ದರ್ಜಿಗೆ ಕೊಟ್ಟು ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುವಂತಹ ಘೇರಿನ ಲಂಗವನ್ನೋ ಫ್ರಾಕನ್ನೋ ಹೊಲಿಸಿಕೊಳ್ಳಿ. ಅಂಚು ಉಳಿಯುತ್ತದೆ, ಸೀರೆಯ ನೆನಪೂ ಉಳಿಯುತ್ತದೆ.

ಘೇರು ಹೆಚ್ಚಿದಷ್ಟೂ ಸುತ್ತುವಾಗ ಬಟ್ಟೆ ಮೇಲಕ್ಕೇಳುತ್ತದೆ, ಆದ್ದರಿಂದ ಒಳಗೆ ಗಿಡ್ಡ ಸೈಕ್ಲಿಂಗ್ ಶಾರ್ಟ್ಸ್ ಇರಲೇಬೇಕು. ಬೆನ್ನು ಪೂರ್ತಿ ತೆರೆದ ರವಿಕೆ ಬೇಡ. ಸಂಕೋಚದ ಮಾತಲ್ಲ ಇದು, ಬೆವರಿದ ಬರಿ ಬೆನ್ನಿನ ಮೇಲೆ ಅಂಗೈ ನಿಲ್ಲದೆ ಜಾರುತ್ತದೆ. ನುಣುಪಾದ ಸ್ಯಾಟಿನ್ ಬಟ್ಟೆಗೂ ಇದೇ ದೋಷವಿದೆ. ಬೆನ್ನಿಗೆ ಇಳಿಬಿಟ್ಟ ರವಿಕೆಯ ದಾರ ಮತ್ತು ಅದರ ಗೊಂಡೆಗಳಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಅಗಲವಾದ ತೋಳುಗಳು ಜೊತೆಗಾರರಿಗೆ ನಿಮ್ಮ ಕೈ ಎಲ್ಲಿದೆಯೆಂಬುದನ್ನೇ ತಿಳಿಯಗೊಡುವುದಿಲ್ಲ. ಹೊಲಿದು ಬಂದದ್ದನ್ನು ತೊಟ್ಟು ಕನ್ನಡಿಯ ಮುಂದೆ ಎರಡೂ ಕೈಗಳನ್ನೆತ್ತಿ, ಮೂರು ಸುತ್ತು ಸುತ್ತಿ, ಒಂದು ದೊಡ್ಡ ಹೆಜ್ಜೆಯನ್ನು ಹಿಂದಕ್ಕಿಟ್ಟು ನೋಡಿ. ಆ ಬಳಿಕ ಉಡುಪನ್ನು ಎಳೆದು ಸರಿಪಡಿಸಿಕೊಳ್ಳಬೇಕೆನಿಸಿದರೆ ದರ್ಜಿಯ ಬಳಿಗೆ ಮತ್ತೊಮ್ಮೆ ಹೋಗಬೇಕಾಗುತ್ತದೆ.

ಜೋಮಾಲೆ, ಪತ್ತಾಕ್‌ನಂತಹ ನಮ್ಮ ಕೊರಳಿನ ಆಭರಣಗಳು ಮನೆಯಲ್ಲೇ ಇರಲಿ. ಕಿವಿಗೆ ಚಿಕ್ಕ ಓಲೆ ಸಾಕು. ಗಾಜಿನ ಬಳೆಗಳನ್ನಂತೂ ಖಂಡಿತ ತೊಡಬೇಡಿ. ಜೊತೆಗಾರನ ಅಂಗೈಯಲ್ಲಿ ಬಳೆ ಒಡೆದು, ಔಷಧಿ ಹಚ್ಚುವುದರಲ್ಲೇ ಅರ್ಧ ರಾತ್ರಿ ಕಳೆದದ್ದನ್ನು ನಾನು ಕಂಡಿದ್ದೇನೆ. ಹರಳು ಎದ್ದು ನಿಂತಿರುವ ಉಂಗುರವೂ ಅಷ್ಟೇ ಅಪಾಯಕಾರಿ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಬಳಿ ಒಂದೇ ಒಂದು ವಸ್ತುವಿಗೆ ಹಣವಿದೆಯೆಂದಾದರೆ ಅದನ್ನು ಪಾದರಕ್ಷೆಗೆ ಖರ್ಚು ಮಾಡಿ ಎಂದೇ ಹೇಳುತ್ತೇನೆ. ಸಾಲ್ಸಾದ ಎಂಟು ಎಣಿಕೆಗಳಲ್ಲಿ ಒಂದು, ಎರಡು, ಮೂರು, ಐದು, ಆರು, ಏಳಕ್ಕೆ ಹೆಜ್ಜೆ ಬೀಳುತ್ತದೆ. ನಾಲ್ಕು ಮತ್ತು ಎಂಟಕ್ಕೆ ಬೀಳುವುದಿಲ್ಲ. ಹೀಗೆ ಮೂರು ಹೆಜ್ಜೆಗಳಿಗೆ ಸಿಗುವ ಅಲ್ಪ ಅವಧಿಯಲ್ಲಿ ಮುಂಗಾಲಿನ ಮೇಲೆ ಪೂರ್ತಿ ಒಂದು ಸುತ್ತು ತಿರುಗಬೇಕು. ಕ್ಯಾನ್ವಾಸ್ ಶೂಗಳ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕ ಮೊಣಕಾಲು ತಿರುಚಿಕೊಳ್ಳುತ್ತದೆ. ಇದಕ್ಕಾಗಿಯೇ ನೃತ್ಯದ ಶೂಗಳಿಗೆ ಸ್ವೇಡ್, ಅಂದರೆ ಒರಟು ಮೇಲ್ಮೈಯ ಮೃದು ಚರ್ಮದ ಅಟ್ಟೆಯನ್ನು ಹಾಕಿರುತ್ತಾರೆ. ಅದು ಬೇಕಾದಷ್ಟು ಜಾರುತ್ತದೆ, ಬೇಕಾದಷ್ಟು ಹಿಡಿಯುತ್ತದೆ. ಹಿಮ್ಮಡಿ ಎರಡರಿಂದ ಎರಡೂವರೆ ಇಂಚು ಇದ್ದರೆ ನಿಮಗೆ ಸಾಕು, ಆದರೆ ಕಣಕಾಲಿಗೆ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಎರಡನೆಯ ಸುತ್ತಿಗೇ ಚಪ್ಪಲಿ ಒಂದು ಕಡೆ, ನೀವು ಇನ್ನೊಂದು ಕಡೆ. ಹೊಸದನ್ನು ಕೊಳ್ಳುವ ಮನಸ್ಸಿಲ್ಲವೆಂದಾದರೆ, ಪಟ್ಟಿಯಿರುವ ಹಳೆಯ ಸ್ಯಾಂಡಲಿನ ಅಟ್ಟೆಗೆ ಚರ್ಮ ಅಂಟಿಸಿಕೊಡುವಂತೆ ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರನ್ನು ಕೇಳಿ ನೋಡಿ.

ಹಾಲ್‌ನ ನೆಲ ಯಾವುದೆಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಹಳೆಯ ಬಂಗಲೆಗಳ ಮೇಣ ಹಚ್ಚಿ ಉಜ್ಜಿದ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಸವೆದು ನುಣುಪಾದ ಸ್ವೇಡ್ ಅಟ್ಟೆ ಅತಿಯಾಗಿ ಜಾರುತ್ತದೆ. ತಂತಿಯ ಬ್ರಶ್ಶಿನಿಂದ ನಾಲ್ಕು ಬಾರಿ ಉಜ್ಜಿದರೆ ಹಿಡಿತ ಮರಳುತ್ತದೆ. ಯಾವ ಕಾರಣಕ್ಕೂ ಈ ಶೂ ತೊಟ್ಟು ಕಾರಿನಿಂದ ಇಳಿಯಬೇಡಿ. 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಡಿಸೆಂಬರ್ ಇರುಳಿನ ಇಬ್ಬನಿಗೆ ಅಂಗಳದ ಹುಲ್ಲೆಲ್ಲ ಒದ್ದೆಯಾಗಿರುತ್ತದೆ, ಒದ್ದೆಯಾದ ಸ್ವೇಡ್ ಆ ರಾತ್ರಿಗೆ ಕೆಲಸಕ್ಕೆ ಬಾರದು. ಚೀಲದಲ್ಲಿ ಒಯ್ದು ಒಳಗೆ ಹೋದ ಮೇಲೆ ತೊಟ್ಟುಕೊಳ್ಳಿ. ಚಳಿಗೆಂದು ಸ್ವೆಟರ್ ತೊಟ್ಟು ಕುಣಿಯುವುದೂ ಬೇಡ. ಮೂರನೆಯ ಹಾಡಿಗೆ ನೀವೇ ಅದನ್ನು ಕಿತ್ತೆಸೆಯುತ್ತೀರಿ. ತೆಳುವಾದ ಉಡುಪಿನ ಮೇಲೆ ಒಳ್ಳೆಯ ಶಾಲು ಹೊದ್ದು ಹೋಗಿ. ಕುಣಿತದ ನಡುವೆ ಹೊರಗೆ ಗಾಳಿಗೆ ಬರುವಾಗ ಅದನ್ನು ಮರೆಯದೆ ಹೊದ್ದುಕೊಳ್ಳಿ, ಏಕೆಂದರೆ ನೆಗಡಿ ಹಿಡಿಯುವುದು ಆ ಹೊತ್ತಿನಲ್ಲಿಯೇ ಎಂದು ನನ್ನ ಅಜ್ಜಿಯಂತೆ ನಾನೂ ನಂಬಿದ್ದೇನೆ.

ಪ್ರಶ್ನೆ: ಗೋಣಿಕೊಪ್ಪಲಿನ ಯುವಕ ನಾನು. ಗೆಳೆಯನ ಮದುವೆಯ ಮರುದಿನ ಸಾಲ್ಸಾ ಕಾರ್ಯಕ್ರಮವಿದೆ. ನಮ್ಮ ಕೊಡವ ಉಡುಪಾದ ಕುಪ್ಯ (ನಿಲುವಂಗಿ), ಚೇಲೆ (ನಡುಪಟ್ಟಿ) ತೊಟ್ಟೇ ಕುಣಿದರೆ ವಿಶೇಷವಾಗಿ ಕಾಣುತ್ತದೆಯಲ್ಲವೆ?

ಉತ್ತರ: ವಿಶೇಷವಾಗಿ ಕಾಣುತ್ತದೆ, ಅನುಮಾನವಿಲ್ಲ. ಆದರೆ ಬಿಳಿ ಅಂಗಿಯ ಮೇಲೆ ಮೊಣಕಾಲಿನವರೆಗೆ ಬರುವ ಕುಪ್ಯ, ಅದರ ಮೇಲೆ ಬಿಗಿದ ರೇಷ್ಮೆಯ ಚೇಲೆ, ಇಷ್ಟು ಪದರಗಳಲ್ಲಿ ಅರ್ಧ ಗಂಟೆ ಸಾಲ್ಸಾ ಕುಣಿದರೆ ನೀವು ಬೆವರಿನಲ್ಲಿ ಮುಳುಗುತ್ತೀರಿ. ಹೊಟ್ಟೆಯ ಬಳಿ ಸಿಕ್ಕಿಸಿದ ಪೀಚೆಕತ್ತಿಯೊಂದಿಗೆ ಇನ್ನೊಬ್ಬರನ್ನು ಹತ್ತಿರಕ್ಕೆ ಕರೆದುಕೊಳ್ಳುವುದು ಯಾವ ದೃಷ್ಟಿಯಿಂದಲೂ ಯೋಗ್ಯವಲ್ಲ. ಅದನ್ನು ತೆಗೆದಿಟ್ಟು ಕುಪ್ಯವನ್ನು ಮಾತ್ರ ತೊಡುವುದಾದರೆ ಹಿರಿಯರು ಒಂದು ಮಾತು ಹೇಳಿಯೇ ಹೇಳುತ್ತಾರೆ, ಅವರ ಮಾತು ತಪ್ಪೆಂದು ನಾನು ಹೇಳಲಾರೆ.

ತೆಳುವಾದ ಹತ್ತಿಯ ಅಂಗಿ, ಮೊಣಕಾಲು ಮಡಚಲು ಬಿಡುವ ಪ್ಯಾಂಟು, ಚರ್ಮದ ಅಟ್ಟೆಯ ಶೂ, ಇಷ್ಟು ಸಾಕು. ತಿಳಿ ಬೂದು ಮತ್ತು ತಿಳಿ ನೀಲಿ ಬಣ್ಣಗಳಲ್ಲಿ ಬೆವರಿನ ಕಲೆ ಬೇಗ ಎದ್ದು ಕಾಣುತ್ತದೆ. ಬಿಳಿ ಅಥವಾ ಕಪ್ಪು ಬಣ್ಣದಲ್ಲಿ ಅಷ್ಟು ಕಾಣುವುದಿಲ್ಲ. ಅಂಗಿಯ ಒಳಗೆ ಬನಿಯನ್ ಇರಲಿ. ಚೀಲದಲ್ಲಿ ಇನ್ನೆರಡು ಅಂಗಿ ಮತ್ತು ಒಂದು ಚಿಕ್ಕ ಟವೆಲ್ ಇಟ್ಟುಕೊಂಡು, ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಚೆನ್ನಾಗಿ ಕುಣಿಯುವವರನ್ನು ಗಮನಿಸಿದರೆ ಅವರ ಚೀಲ ದೊಡ್ಡದಾಗಿರುವುದು ಇದೇ ಕಾರಣಕ್ಕೆ ಎಂದು ತಿಳಿಯುತ್ತದೆ. ಫೋನು ಮತ್ತು ಜೀಪಿನ ಕೀಲಿಯನ್ನು ಜೇಬಿನಿಂದ ತೆಗೆದಿಡಿ, ಬೆಲ್ಟಿನ ಬಕಲು ಚಪ್ಪಟೆಯಾಗಿರಲಿ. ಮೀಸೆ ತಿರುವುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಕುಶಾಲನಗರದಲ್ಲಿರುವ ನಿವೃತ್ತ ಶಿಕ್ಷಕಿ ನಾನು, ವಯಸ್ಸು 61. ಮಗಳೊಂದಿಗೆ ಸಾಲ್ಸಾ ಕಲಿಯುತ್ತಿದ್ದೇನೆ. ಎತ್ತರದ ಹಿಮ್ಮಡಿ ಕಡ್ಡಾಯವೇ? ಕಳೆದ ಮಳೆಗಾಲದಲ್ಲಿ ಮಗಳ ನೃತ್ಯದ ಶೂಗಳಿಗೆ ಬೂಷ್ಟು ಹಿಡಿದು ಹಾಳಾದವು. ಅದಕ್ಕೇನು ಪರಿಹಾರ?

ಉತ್ತರ: ಕಡ್ಡಾಯವಲ್ಲ, ಮೇಡಂ. ಹಿಮ್ಮಡಿ ಎತ್ತರವಾದಷ್ಟೂ ದೇಹದ ಭಾರ ಮುಂಗಾಲಿನ ಮೇಲೆ ಬೀಳುತ್ತದೆ. ಸುತ್ತುಗಳಿಗೆ ಅದು ಅನುಕೂಲವೇ, ಮೊಣಕಾಲಿಗೆ ಮತ್ತು ಸೊಂಟಕ್ಕೆ ಮಾತ್ರ ಹೊರೆ. ಒಂದು ಇಂಚಿನ ಅಗಲ ಹಿಮ್ಮಡಿಯ, ಸ್ವೇಡ್ ಅಟ್ಟೆಯ ಅಭ್ಯಾಸದ ಶೂ ನಿಮಗೆ ಒಳ್ಳೆಯದು. ಮೊಣಕಾಲು ಈಗಾಗಲೇ ನೋಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಸುತ್ತುಗಳನ್ನು ಆಮೇಲೆ ನೋಡಿಕೊಳ್ಳೋಣ.

ಬೂಷ್ಟಿನ ವಿಷಯದಲ್ಲಿ ಕೊಡಗಿನ ಮಳೆಗಾಲದೊಂದಿಗೆ ವಾದಿಸಿ ಗೆದ್ದವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ನಾವು ಮಾಡುವ ದೊಡ್ಡ ತಪ್ಪು, ಏಕೆಂದರೆ ಅಟ್ಟೆ ಹೀರಿದ ಬೆವರಿನ ತೇವ ಒಳಗೇ ಉಳಿದು ಬೂಷ್ಟು ಬೆಳೆಯುತ್ತದೆ. ಕುಣಿದು ಬಂದ ರಾತ್ರಿಯೇ ಅವುಗಳ ಒಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಯಾಡುವಲ್ಲಿಡಿ. ಮರುದಿನ ಬಟ್ಟೆಯ ಚೀಲಕ್ಕೆ ಹಾಕಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಟ್ಟು, ಅಡುಗೆಮನೆಯ ಬಳಿಯ ಬೆಚ್ಚಗಿನ ಕಪಾಟಿನಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಅಂಟು ಬಿಟ್ಟುಹೋಗುತ್ತದೆ, ಹೊಗೆಯ ವಾಸನೆಯೂ ಹಿಡಿಯುತ್ತದೆ. ಆ ಜಾಗ ಹಂದಿಮಾಂಸ ಒಣಗಿಸುವುದಕ್ಕೇ ಇರಲಿ.

ಪ್ರಶ್ನೆ: ಉದ್ದನೆಯ ಜಡೆಗೆ ಮಲ್ಲಿಗೆ ಮುಡಿದು ಸಾಲ್ಸಾ ಕುಣಿಯಬಹುದೆ? (ಸೋಮವಾರಪೇಟೆಯಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಜಡೆ ಬೇಡ. ವೇಗವಾಗಿ ಸುತ್ತುವಾಗ ಅದು ಚಾಟಿಯಂತೆ ಜೊತೆಗಾರನ ಮುಖಕ್ಕೆ ಬಡಿಯುತ್ತದೆ. ಕೂದಲನ್ನು ತುರುಬು ಕಟ್ಟಿ, ಮಲ್ಲಿಗೆಯನ್ನು ಅದರ ಸುತ್ತ ಬಿಗಿಯಾಗಿ ಸುತ್ತಿ, ನಾಲ್ಕು ಕಡೆ ಪಿನ್ನು ಹಾಕಿ. ಹೂವು ಉದುರಲು ಆರಂಭಿಸಿದರೆ ತಕ್ಷಣ ತೆಗೆದುಬಿಡಿ. ತುಳಿದ ಮಲ್ಲಿಗೆಯ ಮೇಲೆ ಹಿಮ್ಮಡಿ ಇಟ್ಟವರು ಜಾರಿ ಬೀಳುತ್ತಾರೆ.