ಕಲ್ಲು ನಿಂತಿರುವುದು ಗುಂಡಿಯ ಬಲದ ಮೇಲೆ

ಪ್ರಶ್ನೆ: ಕ್ರೇನ್ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳನ್ನು ನಿಲ್ಲಿಸಿದ್ದು ಹೇಗೆ? ಅನ್ಯಗ್ರಹದವರು ಬಂದಿದ್ದರಂತೆ, ನಿಜವೇ?

ಉತ್ತರ: ಮತ್ತೆ ಅದೇ ವಿಡಿಯೊ ನೋಡಿದ್ದೀರಿ ಅಲ್ವಾ? ಆ ವಿಡಿಯೊದವರು ಕಲ್ಲಿನ ತುದಿಯನ್ನೇ ತೋರಿಸುತ್ತಾರೆ, ಬುಡದ ಸುದ್ದಿಗೆ ಹೋಗುವುದಿಲ್ಲ. ಉತ್ತರ ಇರುವುದು ಬುಡದಲ್ಲೇ.

1901ರಲ್ಲಿ ವಿಲಿಯಂ ಗೌಲ್ಯಾಂಡ್ ಎಂಬ ಪುರಾತತ್ವಜ್ಞರು ಅಲ್ಲಿನ ವಾಲಿದ 56ನೇ ನಂಬರಿನ ಕಲ್ಲನ್ನು ನೆಟ್ಟಗೆ ಮಾಡಿಸುವಾಗ ಅದರ ಬುಡ ಅಗೆದು ನೋಡಿದರು. ಸಿಕ್ಕಿದ್ದು ಸಾರಂಗದ ಕೊಂಬಿನ ಗುದ್ದಲಿಗಳು, ಕಲ್ಲಿನ ಸುತ್ತಿಗೆಗಳು. ಕಲ್ಲು ಅಲುಗದಿರಲಿ ಅಂತ ಹಳೇ ಸುತ್ತಿಗೆಗಳನ್ನೂ ಗುಂಡಿಗೆ ತುರುಕಿದ್ದರು!

ಅಲ್ಲಿ ಇಂಥ ಗುಂಡಿಗಳ ಒಂದು ಬದಿ ಇಳಿಜಾರು, ಎದುರು ಬದಿ ನೆಟ್ಟಗೆ. ಆ ನೆಟ್ಟನೆ ಗೋಡೆಗೆ ಮರದ ಗೂಟಗಳ ಸಾಲು. ಅಲ್ಲಿನ ನೆಲ ಸೀಮೆಸುಣ್ಣದ ಹಾಗೆ ಮೆತ್ತಗೆ. ಜಾರಿಬಂದ ಕಲ್ಲು ಗುದ್ದಿದರೆ ಗೋಡೆ ಕುಸಿಯುತ್ತದೆ, ಅದಕ್ಕೇ ಗೂಟ. ಬುಡ ಗುಂಡಿಗೆ ಇಳಿದರೆ ಅರ್ಧ ಕೆಲಸ ಆದಂತೆ. ಉಳಿದದ್ದು ಹಗ್ಗ ಮತ್ತು ಸನ್ನೆಕೋಲಿನ ಕೆಲಸ. ತೇರಿನ ಗಾಲಿಗೆ ಸನ್ನೆ ಹಾಕುವವರನ್ನು ನೋಡಿದ್ದೀರಲ್ಲ, ಹಾಗೇ ಇಂಚಿಂಚೇ. 1996ರಲ್ಲಿ ಸುಮಾರು 40 ಟನ್ನಿನ ಕಾಂಕ್ರೀಟ್ ಕಲ್ಲು ಮಾಡಿ ಜನರ ಕೈಯಿಂದಲೇ ಎಳೆಸಿ, ನಿಲ್ಲಿಸಿ ತೋರಿಸಿದ್ದೂ ಆಯಿತು.

ನನಗೆ ಇಷ್ಟವಾದದ್ದು 55 ಮತ್ತು 56ರ ಜೋಡಿ. ಎರಡರ ತಲೆ ಮೇಲೂ ಒಂದೇ ಅಡ್ಡಗಲ್ಲು ಕೂರಬೇಕು. ಆದರೆ 55 ಗಿಡ್ಡ. 56ನ್ನು ಸುಮಾರು 8 ಅಡಿ ಹೂತರು. 55ನ್ನು ಬರೀ 4 ಅಡಿ ಹೂತು, ಬುಡವನ್ನು ಪಾದದ ಹಾಗೆ ದಪ್ಪ ಬಿಟ್ಟರು. ತಲೆ ಸಮ ಆಯಿತು. ಈಗ 56 ನಿಂತಿದೆ, 55 ಮುರಿದು ಬಿದ್ದಿದೆ. ಅನ್ಯಗ್ರಹದಿಂದ ಬಂದವರಿಗೆ ಕಲ್ಲಿನ ಅಳತೆ ಸಾಲದೆ ಬಂತೇ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳನ್ನು (ಚಪ್ಪಡಿ ನಿಲ್ಲಿಸಿ ಮಾಡಿದ ಪ್ರಾಚೀನ ಸಮಾಧಿಗಳು) ಕಟ್ಟಿದ್ದು ಕುಳ್ಳರಂತೆ?

ಉತ್ತರ: ಅಲ್ಲ. ನಮ್ಮ ನಿಮ್ಮಂಥ ಜನ. ಕಬ್ಬಿಣ ಬಲ್ಲವರು, ಚಪ್ಪಡಿಯನ್ನು ಅದೇ ಗುಡ್ಡದಲ್ಲಿ ಎಬ್ಬಿಸಿದವರು.

ಪ್ರಶ್ನೆ: ಅವುಗಳ ಕೆಳಗೆ ನಿಧಿ ಇರುತ್ತದೆಯೇ?

ಉತ್ತರ: ಇಂಥ ಕಡೆ ಸಿಗುವುದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ಅಂಜನ ಹಾಕುವವನ ಮಾತು ಕೇಳಿ ಚಪ್ಪಡಿ ಉರುಳಿಸುವವರಿಗೆ ಸಿಗುವುದು ಪೊಲೀಸ್ ಕೇಸು. ಮುಂದೆ ಯಾರೂ ಓದಲಾಗದಂತೆ ಗುಂಡಿ ಕಲಸಿಹೋಗುತ್ತದೆ, ನನಗೆ ಸಿಟ್ಟು ಅದಕ್ಕೆ.

ಪ್ರಶ್ನೆ: ತೋಟದ ಮನೆ ಮುಂದೆ 10 ಅಡಿ ಕಲ್ಲನ್ನು ಹೀಗೇ ನಿಲ್ಲಿಸಬಹುದೇ? ಗೆಳೆಯರಿದ್ದಾರೆ.

ಉತ್ತರ: ಗೆಳೆಯರು ಬೇಕಿದ್ದರೆ ಬೇಡ. ಅರ್ಧ ಎದ್ದ ಕಲ್ಲು ಯಾವ ಕಡೆ ಹೊರಳುತ್ತದೋ ಹೇಳಕ್ಕಾಗಲ್ಲ. ಸುಮ್ನೆ ಕ್ರೇನ್ ಕರೆಸಿ. ಗುಂಡಿಯಲ್ಲಿ ಮಾತ್ರ ಜಿಪುಣತನ ಬೇಡ, ಉದ್ದದ ಕಾಲು ಭಾಗವಾದರೂ ಒಳಗೆ ಹೋಗಲಿ. ಅಂದರೆ 10 ಅಡಿ ಹೊರಗೆ ಕಾಣಬೇಕಾದರೆ 13 ಅಡಿಗೂ ಜಾಸ್ತಿ ಉದ್ದದ ಕಲ್ಲು ಹೇಳಿ.