ಸೈನಿಕನ ಉಡುಗೊರೆಗೆ ಸುಂಕ ಕಟ್ಟಬೇಕೆ?

ಪ್ರಶ್ನೆ: ಅಣ್ಣ ತೀರಿಕೊಂಡ ಮೇಲೆ ನಮ್ಮೊಡನಿರುವ ಅತ್ತಿಗೆಗೆ ಫೇಸ್‌ಬುಕ್ಕಿನಲ್ಲಿ, ತಾನು ಸಿರಿಯಾದಲ್ಲಿರುವ ಅಮೆರಿಕದ ಸೇನಾ ವೈದ್ಯನೆಂದು ಹೇಳಿಕೊಳ್ಳುವವನ ಪರಿಚಯವಾಗಿ ನಾಲ್ಕು ತಿಂಗಳಾಯಿತು. ಅವನು ಕಳಿಸಿದ ಪಾರ್ಸೆಲ್ ಮುಂಬಯಿ ವಿಮಾನ ನಿಲ್ದಾಣದಲ್ಲಿದೆಯೆಂದು ಕಸ್ಟಮ್ಸ್‌ನ ಹೆಸರಿನಲ್ಲಿ ಹೆಂಗಸೊಬ್ಬಳು ಫೋನ್ ಮಾಡಿದ್ದರಿಂದ, ಮೊನ್ನೆ 35,000 ರೂಪಾಯಿ ಕಟ್ಟಿದ್ದಾರೆ. ಒಳಗೆ ಡಾಲರ್ ಸಿಕ್ಕಿದೆಯೆಂದು ಈಗ 85,000 ಕೇಳುತ್ತಿದ್ದಾರೆ. ಬುದ್ಧಿ ಹೇಳಹೋದರೆ ಅತ್ತಿಗೆ ಅಳುತ್ತಾ ಒಳಗೆ ಹೋಗುತ್ತಾರೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. (ಸಂಚಿಕೆ ಕೈಸೇರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇವೆ.) ಹಣವನ್ನು ವಂಚಕರು ಖಾತೆಯಿಂದ ತೆಗೆಯುವುದಕ್ಕೆ ಮುಂಚೆ ದೂರು ದಾಖಲಾದರೆ ಬ್ಯಾಂಕು ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಕಸ್ಟಮ್ಸ್‌ನ ಹೆಸರಿನಲ್ಲಿ ವಾಟ್ಸಾಪ್‌ಗೆ ಬಂದದ್ದೆಂದು ನೀವು ಲಗತ್ತಿಸಿದ ಪತ್ರದಲ್ಲಿ ನೋಡಬೇಕಾದದ್ದು ಮೇಲಿನ ಅಶೋಕ ಸ್ತಂಭವನ್ನಲ್ಲ, ಕೆಳಗಿನ ಖಾತೆಯನ್ನು. ಅದು ಯಾರೋ ಒಬ್ಬರ ಉಳಿತಾಯ ಖಾತೆ. ಸರ್ಕಾರಕ್ಕೆ ಸಲ್ಲಬೇಕಾದ ಸುಂಕವನ್ನು ಕಸ್ಟಮ್ಸ್ ಇಲಾಖೆ ಖಾಸಗಿ ವ್ಯಕ್ತಿಯ ಖಾತೆಗೆ ಹಾಕಿಸುವುದಿಲ್ಲ.

ಸೈನಿಕನ ವೇಷಕ್ಕೂ ಒಂದು ಲೆಕ್ಕಾಚಾರವಿದೆ. ಸಮವಸ್ತ್ರ ಕಂಡರೆ ನಮಗೆ ಗೌರವ. ಅದರ ಜೊತೆಗೆ, ವಿಡಿಯೊ ಕರೆಗೆ ಬಾರದಿರುವುದಕ್ಕೂ ತಿಂಗಳುಗಟ್ಟಲೆ ಭೇಟಿ ಮುಂದೂಡುವುದಕ್ಕೂ ಯುದ್ಧಭೂಮಿಯ ನೆಪ ತಾನಾಗಿ ಒದಗುತ್ತದೆ. ಫೋಟೊ ಹೆಚ್ಚಾಗಿ ಯಾರೋ ನಿಜವಾದ ಸೈನಿಕನಿಂದ ಕದ್ದದ್ದು. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ಮುಖ ಬೇರೆ ಹೆಸರಿನಲ್ಲಿ ಸಿಕ್ಕೀತು, ಸಿಗದಿದ್ದರೂ ಅವನು ಸಾಚಾ ಎಂದಲ್ಲ. ಅಮೆರಿಕದ ಸೈನಿಕನ ರಜೆಗೆ, ಊಟಕ್ಕೆ, ಚಿಕಿತ್ಸೆಗೆ ಹೊರಗಿನವರು ಹಣ ಕಟ್ಟುವ ಪದ್ಧತಿಯೇ ಇಲ್ಲ, ಅಲ್ಲಿಯ ಸೇನೆಯ ಅಧಿಕೃತ ಇಮೇಲ್ ವಿಳಾಸ ‘ಡಾಟ್ ಮಿಲ್’ (.mil) ಎಂದು ಮುಗಿಯುತ್ತದೆ.

ಅತ್ತಿಗೆಯವರ ಅಳುವಿಗೆ ಕಾರಣವಿದೆ. ಅವನು ತಾನಾಗಿ ಕೈಚಾಚಲಿಲ್ಲ. ಅವರ ಪಾಲಿಗೆ ಅವನು ಕೊಟ್ಟವನು, ಕೇಳಿದವಳು ಬೇರೆ. ಹಾಗಾಗಿ ‘ಅವನು ಮೋಸಗಾರ’ ಎಂದು ವಾದಿಸುವ ಬದಲು, ಹಣ ಹೋದದ್ದು ಯಾರ ಹೆಸರಿಗೆಂದು ಅವರ ಪಕ್ಕದಲ್ಲಿ ಕುಳಿತು ಪಾವತಿಯ ರಸೀದಿಯನ್ನು ಅವರಿಂದಲೇ ಓದಿಸಿ. ಸಂದೇಶಗಳನ್ನು ಅಳಿಸಬೇಡಿ, ಪೊಲೀಸರಿಗೆ ಬೇಕಾಗುತ್ತವೆ. ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆಂದು ಶುಲ್ಕ ಕೇಳುವವರು ಇನ್ನು ಕೆಲವು ದಿನಗಳಲ್ಲಿ ಫೋನ್ ಮಾಡಬಹುದು. ಅವರಿಗೂ ಒಂದು ರೂಪಾಯಿ ಕೊಡಬೇಡಿ.